ಕೀಲಿಮಾತು

ಯಾದವಗಿರಿಯ ಆ ಮೊದಲ ಮಹಡಿಯ ಮನೆಯ ಬಾಗಿಲಲ್ಲಿ ವಸತಿ ಮಂಡಳಿಯ ಹುಡುಗಿಯೊಬ್ಬಳು ಇಂಚರಳ ಗಂಟಲ ಕೆಳಗೆ ನಂಟುಮಾಪಕದ ಬಿಲ್ಲೆಯನ್ನು ಅಂಟಿಸಿದಳು. ಬಿಲ್ಲೆ ಶರ್ಟಿನ ಗುಂಡಿಗಿಂತ ತುಸು ದೊಡ್ಡದಿತ್ತು, ತಣ್ಣಗಿತ್ತು.

"ಇಪ್ಪತ್ತು ನಿಮಿಷ ಮೇಡಂ. ಓಡಾಡಿ, ಮುಟ್ಟಿ ನೋಡಿ, ಏನನ್ಸತ್ತೋ ಬಾಯ್ಬಿಟ್ಟು ಹೇಳ್ತಾ ಇರಿ. ಸುಮ್ನಿದ್ರೆ ಇದು ಏನೂ ಅಳೆಯಲ್ಲ."

"ಗೊತ್ತಮ್ಮ. ನಂಗಿದು ಒಂಬತ್ತನೇ ಮನೆ."

ಹುಡುಗಿ ಕೈಯಲ್ಲಿದ್ದ ಪಟ್ಟಿ ನೋಡಿದಳು. "ಅರ್ಜೀಲಿ ಇಬ್ಬರ ಹೆಸರಿದೆಯಲ್ಲ. ಇನ್ನೊಬ್ಬರು ಬರಬೇಕಾ?"

"ಇಲ್ಲ. ಅವರು ತೀರ್ಕೊಂಡು ಎಂಟು ತಿಂಗಳಾಯ್ತು."

ಹುಡುಗಿ ಎರಡನೆಯ ಬಿಲ್ಲೆಯನ್ನು ಮತ್ತೆ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

ಈ ಬಿಲ್ಲೆಯ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಮೈಸೂರಿನಲ್ಲಿ ಒಂದು ಕಾಲಕ್ಕೆ ಮನೆ ಮಾರಾಟಕ್ಕಿದೆ ಎಂಬ ಬೋರ್ಡು ತಗುಲಿಸಿದವನು ಏಣಿಯಿಂದ ಇಳಿಯುವಷ್ಟರಲ್ಲಿ ಮನೆ ಮಾರಿಹೋಗಿರುತ್ತಿತ್ತು. ಕೊಂಡವರು ವಾಸಕ್ಕೇನೂ ಬರುತ್ತಿರಲಿಲ್ಲ. ಬೀಗ ಜಡಿದು, ಬೆಲೆ ಏರಲಿ ಎಂದು ಕಾದು ಕೂರುತ್ತಿದ್ದರು. ಬೀದಿಯ ಅರ್ಧ ಮನೆಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಮನುಷ್ಯರು ಮಾತ್ರ ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ದೇವರ ಪಟ, ಸಿಲಿಂಡರು ಹೊತ್ತುಕೊಂಡು ಇನ್ನೊಂದು ಬಾಡಿಗೆ ಮನೆಗೆ ಹೊರಡುತ್ತಿದ್ದರು. ಕೊನೆಗೆ ಕಾನೂನು ಬಂತು. ಬೆಲೆ ಗೊತ್ತುಮಾಡುವುದು ಮಂಡಳಿ. ಆ ಬೆಲೆ ಕೊಡಬಲ್ಲವರೆಲ್ಲ ಸರದಿಯ ಮೇಲೆ ಮನೆ ನೋಡಬಹುದು. ಯಾರಿಗೆ ಆ ಮನೆಯ ಮೇಲೆ ಹೆಚ್ಚು ನಂಟು ಹುಟ್ಟಿತೋ ಅವರಿಗೇ ಮನೆ. ನಂಟನ್ನು ಅಳೆಯುವುದು ಹೇಗೆ ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ಡಾ. ನಿಜಗುಣ ಎಂಬ ವಿಜ್ಞಾನಿ ಈ ಯಂತ್ರವನ್ನು ತಂದು ಮುಂದಿಟ್ಟರು.

ಯಂತ್ರದ ತತ್ವ ಸರಳ. ಏನನ್ನಾದರೂ ಮನಸಾರೆ ಬಯಸಿದಾಗ ನಾಡಿ, ಬೆವರು, ಗಂಟಲಿನ ಕಂಪನ ಮೂರೂ ಒಟ್ಟಿಗೆ ಜಿಗಿಯುತ್ತವೆ. ಆ ಜಿಗಿತವನ್ನು ಬಿಲ್ಲೆ ಒಂದು ಮಿಡಿತರೇಖೆಯಾಗಿ ಬರೆದುಕೊಳ್ಳುತ್ತದೆ. ಆದರೆ ಮೆಟ್ಟಿಲು ಹತ್ತಿದರೂ ನಾಡಿ ಜಿಗಿಯುತ್ತದೆ, ಗೋಡೆಯ ಮೇಲೆ ಹಲ್ಲಿ ಕಂಡರೂ ಜಿಗಿಯುತ್ತದೆ. ಹಾಗಾದರೆ ಯಾವ ಜಿಗಿತ ಮನೆಯದು? ನಿಜಗುಣರು ನೂರಾರು ಜನ ಮನೆ ನೋಡುವುದನ್ನು ಪಕ್ಕದಲ್ಲಿ ನಿಂತು ಗಮನಿಸಿದ್ದರು. ಮನೆ ಹಿಡಿಸದವರು ಕೊನೆಯವರೆಗೂ 'ಈ ಮನೆ' ಎನ್ನುತ್ತಿದ್ದರು. ಹಿಡಿಸಿದವರು ತಮಗೇ ತಿಳಿಯದಂತೆ 'ನಮ್ಮನೆ' ಎಂದುಬಿಡುತ್ತಿದ್ದರು. ನಮ್ಮನೆ ಕಿಟಕಿಗೆ ಪರದೆ ಬೇಕು, ನಮ್ಮನೆ ಸಿಂಕು ಇಷ್ಟು ಕೆಳಗಿರಬಾರದು, ಹೀಗೆ. ಆ ಮೂರಕ್ಷರವನ್ನೇ ನಿಜಗುಣರು ಯಂತ್ರದ ಕೀಲಿಮಾತು ಮಾಡಿದರು. ಅದು ಬಾಯಿಂದ ಬಂದ ಅರೆ ಸೆಕೆಂಡಿನಲ್ಲಿ ಮೈ ಎಷ್ಟು ಜಿಗಿಯಿತು ಎಂಬುದರ ಸರಾಸರಿಯೇ ನಂಟು. ಅಳತೆಗೆ 'ಎಳೆ' ಎಂದು ಹೆಸರಿಟ್ಟರು; ನೂರು ಎಳೆಯೇ ಗರಿಷ್ಠ. ಬೇಕೆಂದೇ ನಮ್ಮನೆ ನಮ್ಮನೆ ಎಂದು ಜಪ ಮಾಡಿದವರ ರೇಖೆ ಮೇಲೇಳುತ್ತಲೇ ಇರಲಿಲ್ಲ.

ಇಂಚರ ಮತ್ತು ನಂಜುಂಡ ಆರು ವರ್ಷದಲ್ಲಿ ಎಂಟು ಮನೆ ನೋಡಿ ಎಂಟನ್ನೂ ಕಳೆದುಕೊಂಡಿದ್ದರು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಅವನು ಬಸ್ ಡಿಪೋದಲ್ಲಿ ಬ್ಯಾಟರಿ ರಿಪೇರಿಯವನು. ಮನೆ ನೋಡುವುದೆಂದರೆ ನಂಜುಂಡನಿಗೆ ಮದುವೆಗೆ ಹೊರಟಷ್ಟು ಸಡಗರ. ಇದ್ದಬದ್ದ ನಲ್ಲಿಯನ್ನೆಲ್ಲ ತಿರುಗಿಸುವನು, ಬಾಗಿಲನ್ನೆಲ್ಲ ತೆಗೆದು ಹಾಕುವನು. ಅವನ ಎಳೆ ಎಂಬತ್ತಕ್ಕೆ ಕಮ್ಮಿ ಬಂದದ್ದೇ ಇಲ್ಲ. ಇಂಚರಳದು ನಲವತ್ತು ದಾಟಿದರೆ ಹೆಚ್ಚು. ದಂಪತಿಗೆ ಇಬ್ಬರ ಸರಾಸರಿ. ಆದ್ದರಿಂದ ಪ್ರತಿ ಸಲವೂ ಮನೆ ಎರಡೋ ಮೂರೋ ಎಳೆಯಲ್ಲಿ ಕೈತಪ್ಪುತ್ತಿತ್ತು. ತನ್ನಿಂದಲೇ ಹೀಗಾಗುತ್ತಿದೆ ಎಂದು ಅವಳು ಕೊರಗುತ್ತಿದ್ದಳು. "ಬಿಡೇ ಅತ್ಲಾಗಿ, ಮುಂದಿನ್ದು ನಮ್ದೇ" ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಎಂಟನೆಯದರ ನಂತರವೂ ಹಾಗೇ ಹೇಳಿ, ಒಂಬತ್ತನೆಯದಕ್ಕೆ ಹೆಸರು ಕೊಟ್ಟು ಬಂದಿದ್ದ. ಅದಾಗಿ ಹದಿನೈದು ದಿನಕ್ಕೆ ಡಿಪೋದಲ್ಲಿ ಕೆಲಸ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದು ಹೋಗಿಬಿಟ್ಟ. ಒಂದು ಅರ್ಜಿಗೆ ಒಂಬತ್ತೇ ಸರದಿ. ಇದೂ ತಪ್ಪಿದರೆ ಇನ್ನೊಂದು ಅರ್ಜಿ ಹಾಕುವಂತಿರಲಿಲ್ಲ.

ಇಂಚರ ಒಳಗೆ ಹೋದಳು. ಎರಡು ಕೋಣೆ, ಬೆಳಕಿನ ಅಡುಗೆಮನೆ, ಪುಟ್ಟ ಬಾಲ್ಕನಿ. ಚೆಂದದ ಮನೆಯೇ. ಆದರೆ ಅವಳಿಗೆ ಏನೂ ಅನ್ನಿಸಲಿಲ್ಲ. ಅಂಗಡಿಯಲ್ಲಿ ಕನ್ನಡಕದ ಚೌಕಟ್ಟು ನೋಡುವ ಹಾಗೆ ಗೋಡೆಗಳನ್ನು ನೋಡುತ್ತ ನಿಂತಳು.

"ಮಾತಾಡಿ ಮೇಡಂ, ನಾಲ್ಕು ನಿಮಿಷ ಆಗ್ಹೋಯ್ತು" ಎಂದು ಹುಡುಗಿ ಬಾಗಿಲಿಂದಲೇ ನೆನಪಿಸಿದಳು.

"ಏನ್ ಮಾತಾಡ್ಲಿ? ನಮ್ಮನೆಯವ್ರಾಗಿದ್ರೆ ಇಷ್ಟು ಹೊತ್ತಿಗೆ ನಲ್ಲಿಯೆಲ್ಲ ತಿರುಗಿಸಿ ಅರ್ಧ ಟ್ಯಾಂಕು ಖಾಲಿ ಮಾಡಿರೋರು."

ಹುಡುಗಿ ನಕ್ಕಳು. ಆ ನಗು ಇಂಚರಳ ಬಾಯಿ ಬಿಡಿಸಿತು. ನಮ್ಮನೆಯವ್ರಿಗೆ ಬಾಲ್ಕನಿ ಅಂದ್ರೆ ಪ್ರಾಣ. ನಮ್ಮನೆಯವ್ರು ಇಲ್ಲಿ ಸ್ಕ್ರೂಡ್ರೈವರ್ ಡಬ್ಬ ಇಡ್ತೀನಿ ಅಂತಿದ್ರು, ನಾನು ಬೇಡ ಅಂತಿದ್ದೆ. ಎಂಟು ತಿಂಗಳಿಂದ ಕಟ್ಟಿಟ್ಟಿದ್ದ ಮಾತೆಲ್ಲ ಆ ಖಾಲಿ ಹಾಲಿನಲ್ಲಿ ಹೊರಬಿತ್ತು. ಮನೆಯಲ್ಲಿ ಗಂಡನನ್ನು ನಂಜು ಎಂದು ಕರೆಯುತ್ತಿದ್ದವಳು ಅವಳು. ಹೊರಗಿನವರೆದುರು ಮಾತ್ರ ಅತ್ತೆಯಿಂದ ಕಲಿತ ಹಾಗೆ 'ನಮ್ಮನೆಯವರು'. ಇಪ್ಪತ್ತು ನಿಮಿಷ ಮುಗಿಯುವಷ್ಟರಲ್ಲಿ ಅವಳ ಸೆರಗಿನ ತುದಿ ಒದ್ದೆಯಾಗಿತ್ತು.

ಸಂಜೆ ಫಲಿತಾಂಶ ಬಂತು. ತೊಂಬತ್ತೇಳು ಎಳೆ. ಯಂತ್ರ ಬಂದಾಗಿನಿಂದ ಅಷ್ಟು ನಂಟನ್ನು ಯಾರೂ ತೋರಿಸಿರಲಿಲ್ಲ. ಮನೆ ಇಂಚರಳದಾಯಿತು.

ಮರುದಿನ ಮಧ್ಯಾಹ್ನ ಡಾ. ನಿಜಗುಣರೇ ಕನ್ನಡಕದ ಅಂಗಡಿ ಹುಡುಕಿಕೊಂಡು ಬಂದರು. ಐವತ್ತು ದಾಟಿದ, ಕೂದಲು ಬಾಚಿಕೊಳ್ಳಲು ಮರೆಯುವ ಮನುಷ್ಯ. ತೊಂಬತ್ತೇಳು ಎಳೆ ಕೊಟ್ಟ ವ್ಯಕ್ತಿಯನ್ನು ಕಣ್ಣಾರೆ ನೋಡುವ ಆಸೆ ಅವರಿಗೆ. ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತು, ಫೋನಿನಲ್ಲಿ ಅವಳ ಧ್ವನಿಯನ್ನೂ ಮಿಡಿತರೇಖೆಯನ್ನೂ ಜೊತೆಯಾಗಿ ಹಾಕಿದರು.

"ನೋಡಿಯಮ್ಮ, ಹೇಗೆ ಏಳುತ್ತೆ! ಆ ಮನೇಲಿ ನಿಮ್ಗೆ ಅಷ್ಟೊಂದು ಹಿಡಿಸಿದ್ದೇನು?"

"ಮನೆ ಸರಿಯಾಗಿ ನೋಡ್ಲೇ ಇಲ್ಲ ಸಾರ್ ನಾನು. ಬರೀ ನಮ್ಮನೆಯವ್ರ ಬಗ್ಗೆನೇ ಮಾತಾಡ್ದೆ. ನೀವೇ ಕೇಳ್ತಿದೀರಲ್ಲ."

ನಿಜಗುಣರು ಮತ್ತೊಮ್ಮೆ ಕೇಳಿದರು. ಮೂರನೆಯ ಸಲ ಕೇಳುವಾಗ ಅವರ ಮುಖ ಬಿಳಿಚಿಕೊಂಡಿತು. ಯಂತ್ರ ಮೂರಕ್ಷರ ಕೇಳಿಸಿಕೊಂಡು ಅಲ್ಲಿಗೇ ಕತ್ತರಿಸುತ್ತಿತ್ತು. ಆ ಮೂರಕ್ಷರದ ಹಿಂದೆ ಒಬ್ಬ ಗಂಡ ಬರಬಹುದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

"ನಂಗೆ ಮದುವೆ ಆಗಿಲ್ಲಮ್ಮ" ಎಂದರು ಕೊನೆಗೆ. "ನನ್ನನ್ನ ಹಾಗೆ ಯಾರೂ ಅಂದಿಲ್ಲ. ಮನೆ ನೋಡೋರ ಪಕ್ಕ ನಿಂತಾಗ ಮನೆ ಮಾತಷ್ಟೇ ಬರ್ಕೊಂಡೆ. ಯಂತ್ರದ ಪ್ರಯೋಗಕ್ಕೆ ಕರೆಸಿದ್ದೋರೆಲ್ಲ ಕಾಲೇಜು ಮಕ್ಕಳು. ಅವರು ಹೆಸರು ಹಿಡಿದೇ ಕೂಗೋದು. ಈ ಪದ ನಂಗೆ ಹೊಳೀಲೇ ಇಲ್ಲ."

ಇಂಚರ ಕೈಯಲ್ಲಿದ್ದ ಮಸೂರವನ್ನು ಒರೆಸಿ ಕೆಳಗಿಟ್ಟಳು. ಆಮೇಲೆ ಕೇಳಬಾರದ ಪ್ರಶ್ನೆಯನ್ನು ಕೇಳಿದಳು.

"ಹಾಗಾದ್ರೆ ಸಾರ್, ಅವರು ಇದ್ದಾಗ್ಲೂ ನಾನು ಹಾಗೇ ಹೇಳ್ತಿದ್ದೆ. ಪ್ರತಿ ಮನೇಲೂ. ಆಗ ಎಷ್ಟು ಬಂದಿತ್ತು?"

ನಿಜಗುಣರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹಳೆಯ ಎಂಟೂ ದಾಖಲೆ ತೆಗೆದರು. ನಂಜುಂಡ ಪಕ್ಕದ ಕೋಣೆಯಲ್ಲಿ ನಲ್ಲಿ ತಿರುಗಿಸುತ್ತಿದ್ದಾಗ ಇಂಚರ ಮಂಡಳಿಯವರಿಗೆ ಹೇಳಿದ 'ನಮ್ಮನೆಯವ್ರು ಆ ಕಡೆ ಇದಾರೆ', 'ನಮ್ಮನೆಯವ್ರನ್ನ ಕೇಳಿ'. ಪ್ರತಿಯೊಂದಕ್ಕೂ ನಾಲ್ಕು ಎಳೆ, ಮೂರು ಎಳೆ. ರೇಖೆ ಅಲ್ಲಾಡಿರಲೇ ಇಲ್ಲ. ಆ ಮಾತುಗಳನ್ನು ತೆಗೆದುಹಾಕಿ ನೋಡಿದರೆ ಅವಳ ಎಳೆ ಎಪ್ಪತ್ತರ ಮೇಲಿತ್ತು. ಮೊದಲನೆಯ ಮನೆಯೇ ಅವರಿಗೆ ಸಿಗಬೇಕಿತ್ತು. ಅದು ಹೋದರೂ ಐದನೆಯದು ಖಂಡಿತ ಸಿಗಬೇಕಿತ್ತು. ಹೂಟಗಳ್ಳಿಯ ಆ ಮನೆಯಿಂದ ಡಿಪೋಗೆ ನಡೆದೇ ಹೋಗಬಹುದೆಂದು ನಂಜುಂಡ ವಾರಗಟ್ಟಲೆ ಹಂಬಲಿಸಿದ್ದ.

"ನಾಲ್ಕೇ ಎಳೆನಾ ಸಾರ್?" ಅವಳು ಫೋನನ್ನು ತನ್ನತ್ತ ತಿರುಗಿಸಿಕೊಂಡಳು. "ಅವರು ಪಕ್ಕದಲ್ಲಿರೋವಾಗ ನನ್ನ ಎದೇಲಿ ಇದ್ದಿದ್ದು ನಾಲ್ಕೇನಾ?"

"ಅಲ್ಲಮ್ಮ, ಅಲ್ಲ. ಯಂತ್ರ ಅಳೆಯೋದು ಜಿಗಿತವನ್ನ ಮಾತ್ರ. ಅವರು ಇದ್ದೇ ಇರ್ತಾರೆ ಅಂತ ನಿಮ್ಮ ಮೈ ನೆಮ್ಮದಿಯಾಗಿತ್ತು. ಅದಕ್ಕೇ ಜಿಗೀಲಿಲ್ಲ. ನೆಮ್ಮದೀನ ಅಳೆಯೋಕೆ ನನ್ನ ಯಂತ್ರಕ್ಕೆ ಬರಲ್ಲ."

ಅವಳು ಅತ್ತಳು. ನಿಜಗುಣರು ಎದ್ದು ಹೋಗಿ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ತಂದು ಅವಳ ಮುಂದಿಟ್ಟರು.

ತಪ್ಪು ಗೊತ್ತಾದ ಮೇಲೆ ಮುಚ್ಚಿಡುವಂತಿರಲಿಲ್ಲ. ನಿಜಗುಣರು ಮಂಡಳಿಗೆ ವರದಿ ಬರೆದರು. ಕಳೆದುಹೋದ ಮನೆಗಳನ್ನು ಹಿಂತಿರುಗಿಸುವ ಮಾತೇ ಇಲ್ಲ ಎಂದಿತು ಮಂಡಳಿ. ಅಲ್ಲೆಲ್ಲ ಯಾರೋ ಸಂಸಾರ ಮಾಡಿಕೊಂಡಿದ್ದರು. ಯಾದವಗಿರಿಯ ಮನೆಗೆ ಮಾತ್ರ ಮರುಪರೀಕ್ಷೆ. ಗಂಡಂದಿರನ್ನು ಬಿಟ್ಟು ಮನೆಯನ್ನಷ್ಟೇ ಹಿಡಿಯುವಂತೆ ಕೀಲಿಮಾತನ್ನು ತಿದ್ದಿದರು. ಎರಡನೆಯ ಸ್ಥಾನದಲ್ಲಿದ್ದ ಚಿಕ್ಕ ವಯಸ್ಸಿನ ದಂಪತಿಗೆ ಅರವತ್ತೊಂದು ಬಂದಿತ್ತು.

"ಅರವತ್ತೆರಡು ಬಂದ್ರೆ ಸಾಕಮ್ಮ" ಎಂದು ನಿಜಗುಣರು ಫೋನಿನಲ್ಲಿ ನಾಲ್ಕು ಸಲ ಹೇಳಿದರು. "ಗುರುವಾರ ಹನ್ನೊಂದಕ್ಕೆ. ನಾನೂ ಇರ್ತೀನಿ."

ವಿಚಿತ್ರವೆಂದರೆ, ಈಗ ಇಂಚರಳಿಗೆ ಆ ಮನೆ ಬೇಕೆನಿಸತೊಡಗಿತ್ತು. ತಾನು ಕಲ್ಲಲ್ಲ ಎಂದು ಗೊತ್ತಾಗಿತ್ತಲ್ಲ, ಆರು ವರ್ಷದಿಂದ ಒತ್ತಿಟ್ಟ ಆಸೆಗಳೆಲ್ಲ ತಲೆ ಎತ್ತಿದ್ದವು. ಬಸ್ಸಿನಲ್ಲಿ ಕೂತು ಬಾಲ್ಕನಿಗೆ ಬಿದಿರಿನ ಪರದೆಯೋ ಬಟ್ಟೆಯದೋ ಎಂದು ಯೋಚಿಸಿದಳು. ಅಡುಗೆಮನೆಯ ಕಟ್ಟೆಯ ಎತ್ತರ ತನಗೆ ಸರಿಹೋಗುತ್ತದೆಂದು ನೆನಪಾಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ಒಬ್ಬಳೇ ನಕ್ಕಳು.

ಗುರುವಾರ ಅವಳು ಹಾಲಿಗೆ ಕಾಲಿಟ್ಟ ಕ್ಷಣವೇ ಮಿಡಿತರೇಖೆ ಏಳುವುದು ಹೊರಗೆ ನಿಂತಿದ್ದ ನಿಜಗುಣರಿಗೆ ಫೋನಿನ ಪರದೆಯ ಮೇಲೆ ಕಂಡಿತು. ಅವರು ಉಸಿರು ಬಿಗಿಹಿಡಿದು ನಿಂತರು. ಆ ಮೂರಕ್ಷರ ಬಂದರೆ ಆಯಿತು.

ಇಂಚರ ಕಿಟಕಿ ತೆರೆದಳು. ಕಟ್ಟೆಯ ಮೇಲೆ ಕೈಯಾಡಿಸಿದಳು. "ಇಲ್ಲಿ ಒಲೆ ಇಟ್ರೆ ಬೆಳಕು ಸರಿಯಾಗಿ ಬೀಳತ್ತೆ. ಆ ಕೋಣೇಲಿ ಮಂಚ. ಎಷ್ಟು ಚೆನ್ನಾಗಿದೆ ನಮ್ಮ..." ಎಂದವಳು ಅಲ್ಲೇ ನಿಂತಳು. ಬಾಯಿ ಇನ್ನೊಮ್ಮೆ ತೆರೆಯಿತು, ಮುಚ್ಚಿತು. ಅತ್ತಿತ್ತ ನೋಡಿದಳು. ಬರಿ ಹಾಲು, ಬರಿ ಗೋಡೆ. ನಮ್ಮ ಎನ್ನಲು ಅಲ್ಲಿ ಇನ್ನೊಂದು ಜೀವ ಇರಲಿಲ್ಲ.

"ನನ್ನ ಮನೆ" ಎಂದಳು ಮೆಲ್ಲಗೆ.

ರೇಖೆ ಪರದೆಯ ಅಂಚನ್ನೂ ಮೀರಿ ಹೋಯಿತು. ನಿಜಗುಣರು ಅಂಥ ಜಿಗಿತವನ್ನು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಕೆಳಗೆ ಅಂಕಿ ಮಾತ್ರ ಕದಲಲಿಲ್ಲ. ಎಳೆ ಸೊನ್ನೆ. ಕೀಲಿಮಾತು ಬಂದಿಲ್ಲ ಎಂದು ಯಂತ್ರ ಕಾಯುತ್ತಲೇ ಇತ್ತು.

ಮಾತು ಹೇಳಿಕೊಡಬಾರದೆಂಬ ನಿಯಮ ಮುರಿದು ಅವರು ಬಾಗಿಲಿಗೆ ಓಡಿದರು. "ಇಂಚರಮ್ಮ, ನಮ್ಮ ಅನ್ನಿ. ಎಲ್ಲಾರೂ ಹಾಗೇ ಅಲ್ವಾ ಅನ್ನೋದು? ಒಂಟಿಯಾಗಿರೋ ನಾನೂ ನಮ್ಮನೆ ಅಂತಲೇ ಅಂತೀನಿ. ಒಂದೇ ಒಂದ್ಸಲ ಅಂದ್ಬಿಡಿ."

ಅವಳು ಅಂದಳು. ಅವರಿಗೋಸ್ಕರ, ಕೈಮುಗಿದು ನಿಂತ ಆ ಮನುಷ್ಯನ ಮುಖ ನೋಡಲಾರದೆ, ನಮ್ಮನೆ ಎಂದು ಎರಡು ಸಲ ಸ್ಪಷ್ಟವಾಗಿ ಅಂದಳು. ಆದರೆ ಮೈ ಆ ಮಾತನ್ನು ನಂಬಲಿಲ್ಲ. ರೇಖೆ ಕೆಳಗಿಳಿದು ಮಲಗಿತು. ಹನ್ನೆರಡು ಎಳೆ.

"ಹೇಳಕ್ಕೆ ಹೋದೆ ಸಾರ್" ಎಂದಳು ಬಿಲ್ಲೆ ಕಿತ್ತು ಅವರ ಕೈಗಿಡುತ್ತ. "ಹೇಳಿದ್ರೆ ಅವರಿನ್ನೂ ಇದಾರೆ ಅಂತ ಸುಳ್ಳು ಹೇಳ್ದಂಗೆ ಆಯ್ತು."

ಮನೆ ಆ ಚಿಕ್ಕ ವಯಸ್ಸಿನ ದಂಪತಿಗೆ ಹೋಯಿತು. ಅವರಲ್ಲಿ ಹೆಂಡತಿಯಾದವಳು ಮೆಟ್ಟಿಲಲ್ಲಿ ಎದುರಾಗಿ ಇಂಚರಳ ಕೈಹಿಡಿದಳು. "ನಲ್ಲಿಯೆಲ್ಲ ತಿರುಗಿಸಿ ನೋಡ್ಕೊಳಮ್ಮ, ಬೀಗದ ಕೈ ತಗೊಳೋಕೆ ಮುಂಚೆ" ಎಂದಷ್ಟೇ ಹೇಳಿ ಇಂಚರ ಇಳಿದು ಹೋದಳು.

ಮುಂದಿನ ವರ್ಷ ನಿಜಗುಣರು ಹಟ ಹಿಡಿದು ಯಂತ್ರಕ್ಕೆ 'ನನ್ನ ಮನೆ'ಯನ್ನೂ ಕಲಿಸಿದರು. ಗಂಡ ಸತ್ತವರು, ಹೆಂಡತಿ ಬಿಟ್ಟುಹೋದವರು, ಯಾರನ್ನೂ ಕಟ್ಟಿಕೊಳ್ಳದವರು, ಹೀಗೆ ಆ ತಿದ್ದುಪಡಿಯಿಂದ ಮೊದಲ ಆರು ತಿಂಗಳಲ್ಲೇ ಇನ್ನೂರು ಚಿಲ್ಲರೆ ಜನಕ್ಕೆ ಮನೆ ಸಿಕ್ಕಿತು. ಮಂಡಳಿ ಅದಕ್ಕೆ 'ಇಂಚರ ತಿದ್ದುಪಡಿ' ಎಂದು ಹೆಸರಿಟ್ಟು ಒಂದು ಸಣ್ಣ ಸಮಾರಂಭವನ್ನೂ ಇಟ್ಟುಕೊಂಡಿತು. ಆಹ್ವಾನಪತ್ರಿಕೆ ಇಂಚರಳಿಗೆ ತಲುಪಲಿಲ್ಲ. ಬಾಡಿಗೆ ಕರಾರಿನ ಹನ್ನೊಂದು ತಿಂಗಳು ಮುಗಿದಿದ್ದರಿಂದ ಅವಳು ಆ ವಿಳಾಸದಲ್ಲಿ ಇರಲಿಲ್ಲ.