ಕಪ್ಪು ಬಣ್ಣದ ಮೇಲೆ ಗಾಜಿನ ಗೀರು

ಶಟರ್ ಮೇಲೆ ಬಡಿತ.

ಕೈಯಿಂದಲ್ಲ... ಕಬ್ಬಿಣದಿಂದ!

ನಾನು ದೀಪ ಹಾಕಲಿಲ್ಲ. ಜಾಕ್ ರಾಡನ್ನು ಕೈಗೆತ್ತಿಕೊಂಡೆ. ಹೇರೋಹಳ್ಳಿಯ ನನ್ನ ಕಾರ್ ಪಾಲಿಶ್ ಅಂಗಡಿಯ ಹಿಂಬದಿಯ ಕೋಣೆಯೇ ನನ್ನ ಮನೆ, ಸಾರ್. ರಾತ್ರಿ ಅಲ್ಲಿಗೆ ಬರುವವರು ಗಿರಾಕಿಗಳಲ್ಲ.

"ಯಾರದು?"

"ಅಕ್ಕಾ, ನಾನು... ಮಹದೇವ್."

ನನ್ನ ಕೆಲಸಗಾರ. ಅಂಗಡಿ ತೆರೆದ ದಿನದಿಂದ ಜೊತೆಗಿರುವವನು. ಗೋಕಾಕಿನಿಂದ ಬಂದ ನನಗೆ ಈ ಊರಿನಲ್ಲಿ ಇರುವ ಒಬ್ಬನೇ ತಮ್ಮ.

ಶಟರ್ ಎತ್ತಿದೆ.

ಮೊದಲು ಕಂಡದ್ದು ಲಾಂಗ್. ಅದರ ಅಲಗು ಮಹದೇವನ ಕತ್ತಿನ ಮೇಲಿತ್ತು. ಹಿಡಿ ಏರಿಯಾದ ರೌಡಿ ಕೆಂಚನ ಕೈಯಲ್ಲಿತ್ತು. ಕೆಂಚ ಸಾಕಿದ ನಾಯಿಯಂಥವನು; ಅವನ ಹಗ್ಗ ಪಕ್ಕದಲ್ಲಿ ನಿಂತಿದ್ದವನ ಕೈಯಲ್ಲಿತ್ತು. ಬಿಳಿ ಅಂಗಿ, ದಪ್ಪ ಚಿನ್ನದ ಕಡಗ... ಪುರುಷೋತ್ತಮ!

ಅವನನ್ನು ನಿಮಗೆ ಪರಿಚಯಿಸಬೇಕಿಲ್ಲ. ನಿಮ್ಮ ಠಾಣೆಯ ಗೋಡೆಯ ಮೇಲೆಯೇ ಅವನ ಫೋಟೊ ಇದೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವುದು, ಕೇಳಲು ಬಂದವರ ಮೂಳೆ ಮುರಿಯುವುದು... ಅದು ಅವನ ಉದ್ಯೋಗ.

"ರಾಡ್ ಕೆಳಗೆ ಹಾಕಮ್ಮ," ಎಂದ ಪುರುಷೋತ್ತಮ. "ಕೆಂಚನಿಗೆ ತಾಳ್ಮೆ ಕಮ್ಮಿ."

ಹಾಕಿದೆ.

ಅವನೇ ಹೋಗಿ ಹೊರಗೆ ನಿಂತಿದ್ದ ಕಪ್ಪು ಎಸ್‌ಯುವಿಯನ್ನು ಒಳಗೆ ತಂದ. ಹೆಡ್‌ಲೈಟ್ ಆರಿತ್ತು. ಶಟರ್ ಅರ್ಧಕ್ಕೆ ಇಳಿಯಿತು. ಬೈಕಿನಲ್ಲಿ ಬಂದಿದ್ದ ಇಬ್ಬರು ಹೊರಗೆ ಕಾವಲು ನಿಂತರು.

"ಬೆಳಗಾಗೋದ್ರೊಳಗೆ ಎಡಗಡೆ ಒಂದು ಗೀರೂ ಇರಬಾರದು."

"ಹಗಲೊತ್ತು ತರಬೇಕಿತ್ತಪಾ. ಟೋಕನ್ ಕೊಡ್ತಿದ್ದೆ."

"ತಮಾಷೆನಾ? ಗೀರು ಉಳಿದ್ರೆ ಇವನ ತಲೆ ಉಳಿಯಲ್ಲ."

"ಅಕ್ಕಾ..." ಮಹದೇವ್ ಅಳುತ್ತಿದ್ದ. "ಮಾಡಿಬಿಡಿ ಅಕ್ಕಾ. ನಿಮ್ಮ ಕೈಲಿ ಮಾತ್ರ ಆಗುತ್ತೆ."

ನನ್ನ ಹೆಸರು ಗುರುದೇವಿ. ಹಿಂದೆ ವಿಮಾ ಕಂಪನಿಗಳ ಪರವಾಗಿ ಅಪಘಾತದ ಕಾರುಗಳ ತನಿಖೆ ಮಾಡುತ್ತಿದ್ದೆ. ಈಗ ಕಾರುಗಳ ಬಣ್ಣದ ಮೇಲಿನ ಗೀರು ಅಳಿಸುತ್ತೇನೆ. ಹೆಚ್ಚಿನ ವ್ಯತ್ಯಾಸವಿಲ್ಲ. ಆಗ ಗೀರಿನಿಂದ ಸತ್ಯ ಹುಡುಕುತ್ತಿದ್ದೆ. ಈಗ ಗೀರಿನ ಜೊತೆಗೆ ಅದನ್ನೂ ಒರೆಸಿ ಹಾಕುತ್ತೇನೆ.

ಲೈಟ್ ಹಿಡಿದೆ.

ಕಪ್ಪು ಬಣ್ಣ ಯಾರ ಮಾನವನ್ನೂ ಮುಚ್ಚುವುದಿಲ್ಲ, ಸಾರ್. ಧೂಳಿನ ಬಟ್ಟೆಯಿಂದ ದಿನವೂ ಉಜ್ಜಿದ್ದರಿಂದ ಬಾನೆಟ್ ತುಂಬ ಸುರುಳಿ ಸುರುಳಿ ಗೆರೆಗಳು... ಬಲ್ಬಿನ ಸುತ್ತ ಜೇಡ ಬಲೆ ನೇಯ್ದಂತೆ! ಅದನ್ನು ಸ್ವರ್ಲ್ ಅನ್ನುತ್ತೇವೆ. ಅದು ಬರೀ ಸೋಮಾರಿತನದ ಗುರುತು.

ಎಡಗಡೆಯ ಹಿಂದಿನ ಬಾಗಿಲು ಮಾತ್ರ ಅತಿಯಾಗಿ ಹೊಳೆಯುತ್ತಿತ್ತು.

ಅನುಮಾನ ಬಂತು. ಆಲ್ಕೋಹಾಲ್ ಸ್ಪ್ರೇ ಹೊಡೆದು ಒರೆಸಿದೆ. ಬಟ್ಟೆಗೆ ಎಣ್ಣೆಯಂಥ ಪದರ ಅಂಟಿಕೊಂಡು ಬಂತು. ಗ್ಲೇಜ್! ಗೀರನ್ನು ತೆಗೆಯದೆ ಮೇಣ ತುಂಬಿ ಮುಚ್ಚುವ ಲೇಪ. ಯಾರೋ ನನಗಿಂತ ಮೊದಲೇ ಕೈ ಹಾಕಿದ್ದರು. ಅವಸರದ ಕೆಲಸ.

ಲೇಪದ ಕೆಳಗಿನಿಂದ ಗೀರುಗಳು ಎದ್ದು ಬಂದವು.

ನಾಲ್ಕೈದು ತೆಳು ಗೆರೆ. ಒಂದರ ಪಕ್ಕ ಒಂದು. ಹಿಡಿಯ ಬಳಿ ಆರಂಭವಾಗಿ, ಬಾಗಿ, ಹಿಂದಿನ ಚಕ್ರದ ಕಡೆಗೆ ಇಳಿದಿದ್ದವು. ಕೀಲಿಯಿಂದ ಎಳೆದದ್ದಲ್ಲ. ಕೊಂಬೆ ತಾಗಿದ್ದೂ ಅಲ್ಲ.

ಬಾಗಿಲಿನ ರಬ್ಬರ್ ಸಂದಿಯಲ್ಲಿ ಏನೋ ಮಿನುಗಿತು. ಹಸಿರು ಗಾಜು. ಅಕ್ಕಿಕಾಳಿನಷ್ಟು.

ಬಳೆ ಚೂರು!

ಅಂಜಮ್ಮನನ್ನು ನೀವು ಶವವಾಗಿ ನೋಡಿದ್ದೀರಿ, ಸಾರ್. ನಾನು ದಿನವೂ ಜೀವಂತ ನೋಡುತ್ತಿದ್ದೆ. ಬಸ್ ನಿಲ್ದಾಣದ ಪಕ್ಕ ಹೂ ಕಟ್ಟುತ್ತಿದ್ದಳು. ಎರಡು ಕೈ ತುಂಬ ಹಸಿರು ಬಳೆ. "ಗುರುದೇವಮ್ಮಾ, ನಿನ್ನ ಮೆಷಿನ್ ತಂದು ನನ್ನ ಮುಖದ ಸುಕ್ಕು ತೆಗಿ ನೋಡಾಣ," ಎಂದು ಬೀದಿಯೆಲ್ಲ ನಗಿಸುತ್ತಿದ್ದಳು. ಹಿಂದಿನ ಸಂಜೆ ಯಾವುದೋ ಕಪ್ಪು ಕಾರು ಅವಳನ್ನು ಸವರಿಕೊಂಡು ಹೋಗಿತ್ತು. ಬೀಳುವ ಮುನ್ನ ಬಾಗಿಲು ಹಿಡಿಯಲು ಕೈ ಚಾಚಿದ್ದಾಳೆ. ಕೈ ಜಾರಿದೆ. ಹಿಂದಿನ ಚಕ್ರ ಹತ್ತಿದೆ.

ನೀವು ಏರಿಯಾದ ಕಪ್ಪು ಕಾರುಗಳನ್ನೆಲ್ಲ ಪರೀಕ್ಷಿಸುತ್ತಿದ್ದಿರಿ. ಬೆಳಗ್ಗೆ ಪುರುಷೋತ್ತಮನ ಮನೆಯ ಸರದಿ.

"ಏನು ನೋಡ್ತಾ ಇದೀಯಾ?" ಎಂದ ಪುರುಷೋತ್ತಮ.

"ಆಳ ನೋಡ್ತೀನಿ. ಗೀರಿನೊಳಗ ಉಗುರು ಸಿಕ್ಕಿಕೊಂಡ್ರೆ ಹೋಗೂದಿಲ್ಲ."

"ಸಿಕ್ಕಿಕೊಳ್ತಾ?"

"ಇಲ್ಲ. ಹೋಗ್ತೈತಿ."

ಚೂರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೆ.

ಮಷಿನ್ ಹಾಕಿ ಮೇಲಿನ ಪದರವನ್ನು ತೆಳುವಾಗಿ ಸವೆಸಿದರೆ ಗೀರು ಶಾಶ್ವತವಾಗಿ ಮಾಯ. ಅಂಜಮ್ಮನ ಕೊನೆಯ ಸಾಕ್ಷಿಯೂ ಮಾಯ. ಸವೆಸದಿದ್ದರೆ ಮಹದೇವನ ಕತ್ತು!

ಮೂರನೆಯ ದಾರಿ ಹಿಡಿದೆ. ಮುಂದಿನ ಬಾಗಿಲಿನ ಸ್ವರ್ಲ್‌ಗಳನ್ನು ನಿಜವಾಗಿಯೂ ತೆಗೆದೆ. ಕನ್ನಡಿಯಾಯಿತು. ಹಿಂದಿನ ಬಾಗಿಲಿನ ಮೇಲೆ ಮಷಿನನ್ನು ಬರೀ ಸದ್ದಿಗೆ ಓಡಿಸಿ, ಗೀರುಗಳಿಗೆ ಮತ್ತೆ ಗ್ಲೇಜ್ ತುಂಬಿದೆ. ಮೊದಲಿನವನಿಗಿಂತ ಚೆನ್ನಾಗಿ.

ಬೆಳಕು ಹರಿಯುವ ಹೊತ್ತಿಗೆ ಪುರುಷೋತ್ತಮ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ. ಬಾಗಿದ. ಎದ್ದ. ನಕ್ಕ.

ಆಮೇಲೆ ಶೆಲ್ಫಿನ ಬಾಟಲಿಗಳ ನಡುವಿನಿಂದ ನೇರವಾಗಿ ಆಲ್ಕೋಹಾಲ್ ಸ್ಪ್ರೇಯನ್ನೇ ಎತ್ತಿಕೊಂಡ! ಒಮ್ಮೆ ಹೊಡೆದ. ಒರೆಸಿದ.

ಗೀರುಗಳು ಮರಳಿ ಬಂದವು.

ಅವನ ಕೈ ನನ್ನ ಕೆನ್ನೆಗೆ ಬಂತು. ಕಡಗ ತಾಗಿ ತುಟಿ ಸೀಳಿತು.

"ನನ್ನ ಹತ್ರಾನೇ ಆಟ ಆಡ್ತೀಯಾ? ಕೆಂಚಾ!"

ಕೊಟ್ಟ ಮಾತಿನ ಪ್ರಕಾರ ಲಾಂಗ್ ಮಹದೇವನ ಕತ್ತಿಗೆ ಇಳಿಯಬೇಕಿತ್ತು. ಕೆಂಚ ಅವನನ್ನು ಬಿಟ್ಟು ನನ್ನ ಮೇಲೆ ಬಂದ! ಯಾಕೆಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಬಗ್ಗಿದೆ. ಅಲಗು ಪಿಲ್ಲರಿಗೆ ಬಡಿದು ಕಿಡಿ ಹಾರಿತು. ನನ್ನ ಕೈಯಲ್ಲಿ ಪಾಲಿಷಿಂಗ್ ಮಷಿನ್ ಇತ್ತು. ಸ್ವಿಚ್ ಒತ್ತಿದೆ. ಗರಗರ ತಿರುಗುವ ಪ್ಯಾಡನ್ನು ಕೆಂಚನ ಮುಖಕ್ಕೆ ಒತ್ತಿದೆ. ಕಣ್ಣಿಗೆ ಪಾಲಿಶ್ ಪೇಸ್ಟ್ ಮೆತ್ತಿಕೊಂಡಿತು. ಮೂಗಿನ ಚರ್ಮ ಎದ್ದಿತು. ಅವನ ಕಿರುಚಾಟದ ನಡುವೆ ಲಾಂಗ್ ನೆಲಕ್ಕೆ ಬಿತ್ತು.

ಪುರುಷೋತ್ತಮ ಹಿಂದಿನಿಂದ ನನ್ನ ಜಡೆ ಹಿಡಿದ. ವೈರ್ ಹಿಡಿದು ಮಷಿನ್ ಬೀಸಿದೆ. ದವಡೆ ಮುರಿದ ಸದ್ದು ನನಗೂ ಕೇಳಿತು. ಬಿಳಿ ಅಂಗಿ ಕೆಂಪಾಯಿತು. ಎರಡು ಹಲ್ಲು ನನ್ನ ಬಕೆಟ್ಟಿನೊಳಗೆ ಬಿದ್ದವು.

"ಹತ್ತಲೇ ಮಹದೇವಾ!"

ಅವನು ಲಾಂಗ್ ಎತ್ತಿಕೊಂಡು ಹಿಂದಿನ ಸೀಟಿಗೆ ಹಾರಿದ. ಕೀಲಿ ಕಾರಿನಲ್ಲೇ ಇತ್ತು. ರಿವರ್ಸ್. ಆಕ್ಸಿಲರೇಟರ್. ಶಟರ್ ಹರಿದುಕೊಂಡು ರಸ್ತೆಗೆ ಬಂದೆವು!

ಕಾವಲಿಗಿದ್ದ ಇಬ್ಬರೂ ಬೈಕಿನಲ್ಲಿ ಬೆನ್ನು ಹತ್ತಿದರು. ಹಿಂಬದಿ ಕೂತವನು ಎಸೆದ ಕಲ್ಲಿಗೆ ಹಿಂದಿನ ಗಾಜು ಪುಡಿಯಾಯಿತು. ಹಾಲಿನ ಟೆಂಪೊ ಎದುರಾಯಿತು. ತಪ್ಪಿಸಿದೆ. ಪೈಪಿಗಾಗಿ ಅಗೆದು ಬಿಟ್ಟಿದ್ದ ಅಡ್ಡರಸ್ತೆಗೆ ನುಗ್ಗಿದೆ. ನಮ್ಮ ಹೇರೋಹಳ್ಳಿಯ ರಸ್ತೆಗಳನ್ನು ಎಲ್ಲರೂ ಬೈಯುತ್ತಾರೆ. ಆ ದಿನ ನಾನು ಕೈ ಮುಗಿದೆ. ಬೈಕು ಮಣ್ಣಿನ ಗುಡ್ಡೆ ಹತ್ತಿ, ಹಾರಿ, ಗುಂಡಿಗೆ ಬಿತ್ತು. ಒಬ್ಬನ ಕಾಲು ತಿರುಗಬಾರದ ದಿಕ್ಕಿಗೆ ತಿರುಗಿದ್ದನ್ನು ಕನ್ನಡಿಯಲ್ಲಿ ಕಂಡೆ.

ಎದುರಿನ ಕನ್ನಡಿಯಲ್ಲಿ ಮಹದೇವನ ಮುಖವೂ ಕಂಡಿತು. ಬೆವರು. ಕಣ್ಣು ರಸ್ತೆಯ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಅಕ್ಕಾ, ಎಲ್ಲಿಗೆ?"

"ಸ್ಟೇಷನ್ನಿಗೆ."

"ಬೇಡ ಅಕ್ಕಾ! ಮಲ್ಲತ್ತಹಳ್ಳಿ ಕೆರೆ ಹತ್ರಾನೇ ಇದೆ. ಗಾಡೀನ ನೀರಿಗೆ ತಳ್ಳಿಬಿಡೋಣ. ಅವನು ನಮ್ಮನ್ನ ಮರೆತುಬಿಡ್ತಾನೆ."

"ಹುಚ್ಚ ಹಿಡದೈತೇನ? ಇದು ಅಂಜಮ್ಮನ ಸಾಕ್ಷಿ."

"ಅಂಜಮ್ಮ ಹೋದಳಲ್ಲ ಅಕ್ಕಾ. ನಾವು ಬದುಕಬೇಕಲ್ಲ?"

ಮುಂದಿನ ಗುಂಡಿಗೆ ಟೈರ್ ಸಿಡಿಯಿತು. ಕೆರೆಯ ಏರಿಯ ಪಕ್ಕ ಕಾರು ವಾಲಿ ನಿಂತಿತು. ವಾಕಿಂಗ್ ಬಂದಿದ್ದ ಇಬ್ಬರು ಹೆಂಗಸರು ನನ್ನ ರಕ್ತದ ತುಟಿ ನೋಡಿ ಓಡಿದರು. ನಿಮಗೆ ಫೋನ್ ಮಾಡಿದವರು ಅವರೇ ಇರಬೇಕು.

ಇಳಿದು ಟೈರ್ ನೋಡಲು ಎಡಗಡೆಗೆ ಬಂದೆ. ಆಗ ಸೂರ್ಯ ಎದ್ದ.

ಬಿಸಿಲಿನಂಥ ಲೈಟ್ ಯಾವ ಅಂಗಡಿಯಲ್ಲೂ ಇಲ್ಲ, ಸಾರ್. ಹಿಂದಿನ ಚಕ್ರದ ಮೇಲ್ಭಾಗವನ್ನು ನಾನು ರಾತ್ರಿ ಮುಟ್ಟಿರಲಿಲ್ಲ. ಅಲ್ಲಿ ಮೊದಲಿನವನ ಕೆಲಸ ಹಾಗೆಯೇ ಇತ್ತು. ತಿರುಗುವ ಪ್ಯಾಡನ್ನು ವಾಲಿಸಿ ಹಿಡಿದರೆ ಬಣ್ಣದ ಮೇಲೆ ನೆರಳಿನಂಥ ಪಟ್ಟಿಗಳು ಉಳಿಯುತ್ತವೆ. ಕೋಣೆಯೊಳಗೆ ಕಾಣುವುದಿಲ್ಲ. ಬಿಸಿಲಿನಿಂದ ತಪ್ಪಿಸಿಕೊಳ್ಳುವುದಿಲ್ಲ.

ಪಟ್ಟಿಗಳು ಇದ್ದವು. ಪ್ರತಿಯೊಂದರ ತುದಿಯಲ್ಲೂ ಎಡಕ್ಕೆ ಒಂದು ಕೊಕ್ಕೆ.

ಮಷಿನ್ ಎತ್ತುವ ಮುನ್ನ ಮಣಿಕಟ್ಟು ತಿರುಗಿಸುವ ಚಾಳಿ. ಆ ಕೊಕ್ಕೆಗಾಗಿ ನಾನು ಒಬ್ಬನನ್ನು ವರ್ಷಗಟ್ಟಲೆ ಬೈದಿದ್ದೇನೆ. ತಿದ್ದಿದ್ದೇನೆ. ಅವನ ಕೈ ಮೇಲೆ ನನ್ನ ಕೈ ಇಟ್ಟು ಕಲಿಸಿದ್ದೇನೆ.

ಪುರುಷೋತ್ತಮನಿಗೆ ಬಾಟಲಿಯ ಗುಟ್ಟು ಹೇಳಿಕೊಟ್ಟವರು ಯಾರು? ಕೆಂಚ ಆ ಕತ್ತನ್ನು ಬಿಟ್ಟು ನನ್ನ ಮೇಲೆ ಬಂದದ್ದೇಕೆ? ಎಲ್ಲವೂ ಒಂದೇ ಸಲ ಹೊಳೆಯಿತು.

"ನಿನ್ನೆ ಈ ಗಾಡಿಗೆ ಮಷಿನ್ ಹಾಕಿದವ ಯಾರಲೇ?"



ಹಿಂದಿನ ಬಾಗಿಲು ತೆರೆಯಿತು. ಲಾಂಗ್ ಮೊದಲು ಬಂತು!

ಭುಜ ಸೀಳಿತು. ನೀವು ನೋಡುತ್ತಿದ್ದೀರಲ್ಲ, ಈ ಹೊಲಿಗೆ ಅದರದ್ದೇ. ಅವನು ಎರಡನೆಯ ಏಟಿಗೆ ಕೈ ಎತ್ತುವಷ್ಟರಲ್ಲಿ ಬಾಗಿಲನ್ನು ನನ್ನೆಲ್ಲ ಭಾರ ಹಾಕಿ ಒದ್ದೆ. ಮಣಿಕಟ್ಟು ನಡುವೆ ಸಿಕ್ಕಿತು. ಇನ್ನೊಮ್ಮೆ ಒದ್ದೆ. ಮೂಳೆ ಮುರಿಯಿತು.

ಲಾಂಗ್ ಬಿತ್ತು. ಅವನೂ ಬಿದ್ದ. ನೆಲದ ಮೇಲೆ ಕೂತು ಅತ್ತ. ಈ ಸಲದ ಅಳು ನಿಜವಾದದ್ದು.

"ರೀಲ್ ಮಾಡ್ತಾ ಇದ್ದೆ ಅಕ್ಕಾ... ಪುರುಷೋತ್ತಮಣ್ಣನ ಮನೆಗೇ ಹೋಗಿ ಪ್ರೈವೇಟಾಗಿ ಪಾಲಿಶ್ ಮಾಡಿದ್ದೆ. ಬಾನೆಟ್ ಮೇಲೆ ಬೀದಿ ದೀಪ ಹರಿಯೋದು ಚೆನ್ನಾಗಿ ಕಾಣುತ್ತೆ ಅಂತ ಒಂದು ರೌಂಡ್ ತಂದೆ. ಒಂದು ಕೈಲಿ ಮೊಬೈಲ್ ಇತ್ತು. ಅವಳು ಕಾಣಲೇ ಇಲ್ಲ..."

"ಬಾನೆಟ್ ತುಂಬ ಸ್ವರ್ಲ್ ಐತಿ. ಅದನ್ನ ಪಾಲಿಶ್ ಅಂತಿ?"

"ಗ್ಲೇಜ್ ಹಾಕಿದ್ದೆ ಅಕ್ಕಾ. ಆಮೇಲೆ ರಕ್ತ ತೊಳೆಯುವಾಗ ಎಲ್ಲ ಹೋಯ್ತು."

ಬಿದ್ದಿದ್ದ ಲಾಂಗನ್ನು ಕಾಲಿನಿಂದ ದೂರ ತಳ್ಳಿದೆ.

"ಗಾಡಿ ಅವರದು. ಅವರ ಮೇಲೆ ರೌಡಿ ಶೀಟ್ ಇದೆ. ಓಡಿಸಿದ್ದು ಅವರಲ್ಲ ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಅವರೂ ಒಪ್ಪಿದ್ರು. ಬರೀ ಕೇಳಿದ್ರೆ ನೀವು ಮಾಡ್ತಿರಲಿಲ್ಲ. ನನ್ನ ಕತ್ತಿಗೆ ಲಾಂಗ್ ಇಟ್ರೆ ಮಾಡ್ತೀರಿ ಅಂತ... ನಾನೇ ಹೇಳಿದ್ದು."

"ಚೆನ್ನಾಗಿ ತಿಳಕೊಂಡೀ ನನ್ನ."

"ಅಕ್ಕಾ, ಪುರುಷೋತ್ತಮನೇ ಓಡಿಸ್ತಿದ್ದ ಅಂತ ಹೇಳಿಬಿಡಿ. ನೀವು ಹೇಳಿದ್ರೆ ಪೊಲೀಸ್ರು ನಂಬ್ತಾರೆ. ನಿಮ್ಮ ತಮ್ಮ ಅಲ್ವಾ ನಾನು?"

ಇಷ್ಟು, ಸಾರ್. ಹಸಿರು ಗಾಜಿನ ಚೂರು ನಿಮ್ಮ ಮೇಜಿನ ಮೇಲಿದೆ. ಕಾರು ಹೊರಗಿದೆ. ಬಾಗಿಲಿನ ಗೀರುಗಳು ಹಾಗೆಯೇ ಇವೆ.

ದವಡೆ ಮುರಿದ ಪುರುಷೋತ್ತಮ ಆಸ್ಪತ್ರೆಯಲ್ಲಿ ಕೈಸನ್ನೆ ಮಾಡಿ "ನಾನಲ್ಲ, ನಾನಲ್ಲ" ಎನ್ನುತ್ತಿದ್ದಾನಂತೆ. ಸೈಟು ಕಳೆದುಕೊಂಡ ಎಷ್ಟೋ ಜನ ಅವನಿಗೆ ಗಲ್ಲಾಗಲಿ ಎಂದು ಕಾಯುತ್ತಿದ್ದಾರೆ. ನಾನು ಅವನ ಹೆಸರು ಹೇಳಿದರೆ ಹೇರೋಹಳ್ಳಿಯಲ್ಲಿ ಪಟಾಕಿ ಹೊಡೆಯುತ್ತಾರೆ. ನೀವೂ ಬೇಗ ಮನೆಗೆ ಹೋಗಬಹುದು. ನನ್ನ ತಮ್ಮನೂ ನನಗೆ ಉಳಿಯುತ್ತಾನೆ.

ಪೆನ್ನು ಯಾಕೆ ನಿಲ್ಲಿಸಿದಿರಿ? ಸ್ಟೀರಿಂಗ್ ಹಿಡಿದಿದ್ದವನು ಯಾರೆಂದು ಕೇಳಿದಿರಿ.

ಬರೆದುಕೊಳ್ಳಿ... ಮಹದೇವ್.