ಅಂದು ನಕ್ಕವನು

"ನೀವಾ!"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತವನನ್ನು ಕಂಡು ಕಾನಿಶಾಯ್ ಕುರ್ಚಿಯಿಂದ ಎದ್ದೇಬಿಟ್ಟಳು.

ಎರ್ಮೆಕ್! ಅವಳು ಈಗ ಪಾಠ ಹೇಳುವ, ನರೀನ್ ಊರಿನ ಇದೇ ಶಾಲೆಯಲ್ಲಿ ಅವಳ ಜೊತೆ ಓದಿದವನು. ಹದಿನಾಲ್ಕು ವರ್ಷದ ಹಿಂದೆ, ಕುರಿ ಕಾಯುವವನ ಮಗಳು ನಾರುತ್ತಾಳೆಂದು ಹುಡುಗಿಯರು ಅವಳನ್ನು ಅಂಗಳದ ಕಕ್ಕಸಿಗೆ ದೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಒಳಗೆ ಅಳುತ್ತಿದ್ದವಳಿಗೆ ಹೊರಗಿನ ನಗುಗಳ ನಡುವೆ ಒಂದು ನಗು ಸ್ಪಷ್ಟವಾಗಿ ಕೇಳಿಸಿತ್ತು... ಇವನದು!

"ಐದಾಯ್ ನನ್ನ ಅಕ್ಕನ ಮಗಳು," ಎಂದ ಎರ್ಮೆಕ್. "ಅಕ್ಕ ಭಾವ ಮಾಸ್ಕೋದಲ್ಲಿ ದುಡೀತಿದಾರೆ. ಹುಡುಗಿ ನನ್ನ ಹತ್ರ ಇದಾಳೆ. ನೀವು ಬರೋಕೆ ಹೇಳಿದ್ರಂತೆ..."

"ಓಹೋ, ನಿಮ್ಮನೆ ಹುಡುಗೀನಾ! ಅದಕ್ಕೇ ಇಷ್ಟು ಚೆನ್ನಾಗಿ ಕಲ್ತಿದಾಳೆ."

ಅವನು ಈಗ ಪಶುವೈದ್ಯ. ಅವನು ಹತ್ತಿರ ಬರುತ್ತಿದ್ದಂತೆ ಅವಳು ಬೇಕೆಂದೇ ಮೂಗು ಮುಚ್ಚಿಕೊಂಡಳು.

"ಕೋಟಲ್ಲಿ ಕುರಿ ವಾಸನೆ, ಡಾಕ್ಟ್ರೇ! ನಿಮ್ಮನ್ನ ಯಾರೂ ಕೂಡಿ ಹಾಕಲ್ವಾ?"

ಎರ್ಮೆಕ್ ತಲೆ ತಗ್ಗಿಸಿದ.

ಕರೆಸಿದ ಕಾರಣವನ್ನು ಅವಳೇ ಹೇಳಿದಳು. ಒಂಬತ್ತನೇ ತರಗತಿಯ ಮೀರಿಮ್ ಮಾತಾಡುವಾಗ ತೊದಲುತ್ತಾಳೆ. ಅಷ್ಟೇ ಅವಳ ತಪ್ಪು! ಐದಾಯ್ ಮತ್ತು ಗೆಳತಿಯರು ಅವಳನ್ನು ಕಕ್ಕಸಿನಲ್ಲಿ ಕೂಡಿ ಹಾಕಿ, ಅವಳು "ಬಾಗಿಲು ತೆಗೀರಿ" ಎಂದು ತೊದಲುತ್ತ ಬೇಡುವುದನ್ನು ಫೋನಿನಲ್ಲಿ ಚಿತ್ರಿಸಿ ಇಡೀ ಶಾಲೆಗೆ ಹಂಚಿದ್ದರು. ಎಂಟು ದಿನದಿಂದ ಮೀರಿಮ್ ಶಾಲೆಗೆ ಬಂದಿಲ್ಲ.

"ಅದಕ್ಕೂ ಮುಂಚೆ ಬೆಳಗ್ಗಿಂದ ಒಂದು ಗುಟುಕು ನೀರೂ ಕುಡೀತಿರ್ಲಿಲ್ಲ ಆ ಮಗು. ಕುಡಿದ್ರೆ ಅಲ್ಲಿಗೆ ಹೋಗಬೇಕಲ್ಲ! ನಿಮಗೆಲ್ಲಿ ಅರ್ಥ ಆಗ್ಬೇಕು?"

*ನಾನೂ ಕುಡಿಯುತ್ತಿರಲಿಲ್ಲ...*

ಮರುದಿನ ಮುಖ್ಯೋಪಾಧ್ಯಾಯಿನಿ ಬುರುಲ್ ಅವಳನ್ನು ಕರೆದರು. ಮೇಜಿನ ಮೇಲೆ ಚಹಾ, ಮುಖದಲ್ಲಿ ತೃಪ್ತಿ.

"ಎರ್ಮೆಕ್ ಬಂದು ನನ್ನ ಹತ್ರ ಮಾತಾಡಿದಾನೆ. ಮಕ್ಕಳಾಟ ಕಣಮ್ಮ, ದೊಡ್ಡದು ಮಾಡ್ಬೇಡ. ನಮ್ಮ ಶಾಲೇಲಿ ಅಂಥದ್ದೆಲ್ಲ ಇಲ್ಲ."

"ಇಲ್ಲ ಅಲ್ವಾ, ಎಜೆ?" ಅಕ್ಕ ಎನ್ನುವ ಆ ಗೌರವದ ಮಾತನ್ನು ಅವಳು ಒತ್ತಿ ಹೇಳಿದಳು. "ಹದಿನಾಲ್ಕು ವರ್ಷದ ಹಿಂದೆಯೂ ಇದೇ ಮೇಜಿನ ಹಿಂದೆ ಕೂತು ಹೀಗೇ ಅಂದಿದ್ರಿ. ಚಹಾನೂ ಇತ್ತು."

ಹೊರಗೆ ಬಂದಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. *ಮುಚ್ಚಿಹಾಕಿಸಿಬಿಟ್ಟ! ಹೇಡಿ... ಅಂದೂ ಹೇಡಿ, ಇಂದೂ ಹೇಡಿ!*

ಶನಿವಾರ ಪೋಷಕರ ಸಭೆ. ಬುರುಲ್ ಹೊಸ ಪರದೆಗಳ ಬಗ್ಗೆ ಅರ್ಧ ಗಂಟೆ ಮಾತಾಡಿದರು. ತಾಯಂದಿರು ತಲೆಯಾಡಿಸಿದರು. ಮೀರಿಮ್ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಎಂಥ ಸಜ್ಜನರು!

ಆಗ ಹಿಂದಿನ ಸಾಲಿನಿಂದ ಎರ್ಮೆಕ್ ಎದ್ದ.

"ಈ ಸಭೇಲಿ ಮೀರಿಮ್ ವಿಷಯ ಬರಲೇಬೇಕು ಅಂತ ಕೇಳೋಕೇ ನಾನು ಬುರುಲ್ ಎಜೆ ಹತ್ರ ಹೋಗಿದ್ದೆ. ಪರದೆ ವಿಷಯ ಬಂತು. ಇರಲಿ, ನಾನೇ ಹೇಳ್ತೀನಿ. ತಪ್ಪು ಮಾಡಿದ್ದು ನನ್ನ ಅಕ್ಕನ ಮಗಳು. ಅವಳಿಗೆ ಕಲಿಸಿದ್ದು ನಾವು. ಹದಿನಾಲ್ಕು ವರ್ಷದ ಹಿಂದೆ ಅದೇ ಬಾಗಿಲ ಮುಂದೆ ನಾನು ನಿಂತಿದ್ದೆ. ಒಳಗೆ ಒಂದು ಹುಡುಗಿ ಅಳ್ತಿದ್ಲು. ಚಿಲಕ ನನ್ನ ಕೈಗೆ ಎಟಕ್ತಿತ್ತು. ತೆಗೀಲಿಲ್ಲ... ನಕ್ಕೆ."

ತಾಯಂದಿರ ತಲೆಗಳು ಅವನತ್ತ ತಿರುಗಿದವು!

"ಐದಾಯ್ ಕ್ಷಮೆ ಕೇಳೋಕೆ ಮೀರಿಮ್ ಮನೆಗೆ ಹೋಗಿದ್ಲು. ಮೀರಿಮ್ ಬಾಗಿಲು ತೆಗೀಲಿಲ್ಲ. ತೆಗೀಬೇಕು ಅಂತಾನೂ ಇಲ್ಲ. ತರಗತಿ ಬಿಡಬೇಕಾದವಳು ಮೀರಿಮ್ ಅಲ್ಲ, ಐದಾಯ್."

ಅಂಗಳದಲ್ಲಿ ಕಾನಿಶಾಯ್ ಅವನನ್ನು ತಡೆದಳು. ಕಣ್ಣು ತುಂಬಿತ್ತು, ದನಿ ಮಾತ್ರ ಚೂರಿ.

"ಈಗ ಏನು, ಚಪ್ಪಾಳೆ ಬೇಕಾ?"

"ಬೇಡ. ಒಂದು ಸುತ್ತಿಗೆ ಬೇಕು."

ಹಿಮ ಸುರಿಯುತ್ತಿದ್ದ ಆ ಮಧ್ಯಾಹ್ನ ಅವನು ಕಕ್ಕಸಿನ ಬಾಗಿಲುಗಳ ಹೊರ ಚಿಲಕಗಳನ್ನೆಲ್ಲ ಕಿತ್ತ. ಬೆರಳುಗಳು ಚಳಿಗೆ ನೀಲಿಗಟ್ಟಿದವು. ಅವಳು ಕಿಟಕಿಯಿಂದ ನೋಡುತ್ತ ನಿಂತಳು. ಒಳಗೆ ಕರೆಯಲಿಲ್ಲ.

ಐದಾಯ್ ಬೇರೆ ವಿಭಾಗಕ್ಕೆ ಹೋದಳು. ಎರಡು ವಾರದ ನಂತರ ಮೀರಿಮ್ ಬಂದಳು. ಮೊದಮೊದಲು ಕಾನಿಶಾಯ್ ಪಕ್ಕವೇ ಕೂತು ಊಟ ಮಾಡುತ್ತಿದ್ದಳು. ಮಾರ್ಚಿನಲ್ಲಿ ಒಂದು ದಿನ ತಾನಾಗಿ ಎದ್ದು, ತೊದಲುತ್ತಲೇ ಪಾಠ ಒಪ್ಪಿಸಿದಳು. ಒಬ್ಬ ಹುಡುಗ ಕಿಸಕ್ಕೆಂದ. ಪಕ್ಕದವಳು ಅವನನ್ನು ಮೊಣಕೈಯಿಂದ ತಿವಿದಳು!

ಅದನ್ನು ಎರ್ಮೆಕ್‌ಗೆ ಹೇಳಲೇಬೇಕೆಂದು ಅವಳ ಕಾಲುಗಳು ತಾವಾಗಿ ಅವನ ಪಶು ಆಸ್ಪತ್ರೆಗೆ ನಡೆದವು.

ಎಲ್ಲ ಕೇಳಿ ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಅಷ್ಟು ಜನ ನಕ್ಕಿದ್ರು, ಎರ್ಮೆಕ್. ನಿನ್ನ ನಗು ಒಂದೇ ಯಾಕೆ ಮರೀಲಿಲ್ಲ ಗೊತ್ತಾ?"

"ಯಾಕೆ?"

"ಬಾಗಿಲು ತೆಗೆಯೋದು ನೀನೇ ಅಂತ ಕಾಯ್ತಿದ್ದೆ. ಆ ವರ್ಷವೆಲ್ಲ ನಿನ್ನನ್ನೇ ನೋಡ್ತಿದ್ದೆ, ದಡ್ಡ!"

ಅವನು ಹತ್ತಿರ ಬಂದ. ಮುಟ್ಟುವ ಧೈರ್ಯವಾಗಲಿಲ್ಲ.

"ಈ ಚಳಿಗಾಲ ಶಾಲೆ ಮುಂದೆ ಹೋದಾಗೆಲ್ಲ ನಾನೂ ನಿನ್ನ ಕಿಟಕೀನೇ ನೋಡ್ತಿದ್ದೆ, ಕಾನಿಶಾಯ್. ಹೇಳೋ ಹಕ್ಕು ನನಗಿಲ್ಲ ಅಂತ ಸುಮ್ಮನಿದ್ದೆ... ಕ್ಷಮಿಸಿದೀಯಾ?"

"ಇಲ್ಲ."

"ಮತ್ತೆ?"

"ಇನ್ನೂ ಸಮಯ ಬೇಕು. ಅಲ್ಲೀವರೆಗೂ ಜೊತೇಲಿರು." ಅವಳೇ ಅವನ ಕೈ ಹಿಡಿದಳು. "ಏನು, ಅವಸರಾನಾ?"

"ಇಲ್ಲ... ನಿಧಾನವಾಗೇ ಕ್ಷಮಿಸು. ತುಂಬಾ ವರ್ಷ ತಗೋ."