ತೊಟ್ಟಿಯಲ್ಲಿ ಅರವತ್ತು ಡಿಗ್ರಿ

ಥರ್ಮಾಮೀಟರಿನ ಕೆಂಪು ಗೆರೆ ಮೂವತ್ತಕ್ಕೆ ಬಂದು ನಿಂತೇಬಿಟ್ಟಿತು. ಚಿನಕುರುಳಿ ಅದನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ತೊಟ್ಟಿಯ ನೀರಿಗೆ ಅದ್ದಿದಳು. ಮತ್ತೆ ಮೂವತ್ತೇ.

"ಇದು ಕೆಟ್ಟೋಗಿದೆ," ಎಂದಳು.

ಬಾಗಿಲಿಗೊರಗಿ ನಿಂತಿದ್ದ ಅಣ್ಣ ಕಿಸಕ್ಕನೆ ನಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಗಾದೆ ಬೇರೆ ಒಗೆದ.

ಅದು ಅಮ್ಮ ಬಟ್ಟೆಗೆ ಬಣ್ಣ ಹಾಕುವ ಕೋಣೆ. ನಾಳೆ ಚಿನಕುರುಳಿಯ ತಂಡದ ಮೊದಲ ಫುಟ್‌ಬಾಲ್ ಮ್ಯಾಚು. ಹುಡುಗಿಯರಿಗೆ ಜೆರ್ಸಿ ಇರಲಿಲ್ಲ. ಎಲ್ಲರೂ ಮನೆಯಿಂದ ತಂದ ಬಿಳಿ ಅಂಗಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನೀಲಿ ಬಣ್ಣ ಹಾಕಿಕೊಡಲು ಅಮ್ಮ ಒಪ್ಪಿದ್ದಳು, ಆದರೆ ನೀರು ಕಾಯಿಸುವ ಕೆಲಸ ನಿನ್ನದೇ ಎಂದಿದ್ದಳು. ಸರಿಯಾಗಿ ಅರವತ್ತು ಡಿಗ್ರಿ ಇರಬೇಕು. ಕಡಿಮೆಯಾದರೆ ಬಣ್ಣ ಹಿಡಿಯುವುದಿಲ್ಲ, ಹೆಚ್ಚಾದರೆ ಅಂಗಿ ಗಿಡ್ಡವಾಗುತ್ತದೆ. ಅಮ್ಮ ಗಿರಾಕಿಯ ಮನೆಗೆ ಹೋಗಿ ಬರುವುದರೊಳಗೆ ಆಗದಿದ್ದರೆ ತೊಟ್ಟಿ ಬೇರೆ ಕೆಲಸಕ್ಕೆ ಹೋಗುತ್ತದೆ. ಆಗ ನಾಳೆ ಬಿಳಿ ಅಂಗಿಯೇ ಗತಿ.

ತೊಟ್ಟಿ ಒಲೆಯ ಮೇಲೆ ಕೂರುವಂಥದ್ದಲ್ಲ. ಅದಕ್ಕೇ ಚಿನಕುರುಳಿ ತಲೆ ಓಡಿಸಿದ್ದಳು. ಸೈನ್ಸ್ ಮಿಸ್ ಬೆಳಿಗ್ಗೆಯಷ್ಟೇ ಸ್ಕೇಲರ್ ಪಾಠ ಶುರುಮಾಡಿದ್ದರು. ಲೀಟರು, ನಿಮಿಷ, ಉಷ್ಣತೆ, ಇವಕ್ಕೆ ದಿಕ್ಕು ಅಂತ ಇಲ್ಲ, ಬರೀ ಅಳತೆ. ಎರಡು ಲೀಟರಿಗೆ ಮೂರು ಲೀಟರ್ ಸುರಿದರೆ ಐದು ಲೀಟರ್, ಎನ್ನುವಷ್ಟರಲ್ಲಿ ಬೆಲ್ ಹೊಡೆದಿತ್ತು. ಇವಳಿಗೆ ಅಷ್ಟೇ ಸಾಕಾಯಿತು. ಎರಡು ಪಾತ್ರೆ ನೀರನ್ನು ಮೂವತ್ತು ಡಿಗ್ರಿಗೆ ಕಾಯಿಸಿ ತೊಟ್ಟಿಗೆ ಸುರಿದಿದ್ದಳು. ಮೂವತ್ತೂ ಮೂವತ್ತೂ ಅರವತ್ತು!

"ಹಾಗಾದ್ರೆ ಹತ್ತು ವರ್ಷದ ನೀವು ಹತ್ತು ಜನ ಒಟ್ಟಿಗೆ ನಿಂತ್ರೆ ನೂರು ವರ್ಷದ ಅಜ್ಜಿ ಆಗ್ತೀರಾ?" ಎಂದ ಅಣ್ಣ.

ಚಿನಕುರುಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅಜ್ಜಿ ಎಲ್ಲಿ ಆಗುತ್ತಾರೆ, ಜನ ಜಾಸ್ತಿ ಆಗುತ್ತಾರೆ ಅಷ್ಟೆ. ಅವಳು ತೊಟ್ಟಿಗೆ ಕೈಯಿಟ್ಟು ನೋಡಿದಳು. ನೀರೇನೋ ಎರಡರಷ್ಟಾಗಿತ್ತು. ಬಿಸಿ ಮಾತ್ರ ಇದ್ದಲ್ಲೇ ಇತ್ತು. ಸ್ನಾನದ ಬಕೆಟ್ಟು ನೆನಪಾಯಿತು. ಸುಡುವ ನೀರಿಗೆ ತಣ್ಣೀರು ಬೆರೆಸಿದರೆ ಬಿಸಿ ಎರಡರ ನಡುವೆ ಬಂದು ನಿಲ್ಲುತ್ತದೆ.

"ಅಣ್ಣಾ, ಮೂವತ್ತಕ್ಕೂ ತೊಂಬತ್ತಕ್ಕೂ ಸರಿಯಾಗಿ ನಡುವೆ ಎಷ್ಟು?"

ಅಣ್ಣನ ನಗು ನಿಂತಿತು. "ಅರವತ್ತು ಕಣೇ."

ತೊಟ್ಟಿಯ ಅರ್ಧ ನೀರು ವಾಪಸು ಒಂದು ಪಾತ್ರೆಗೆ ಹೋಯಿತು. ಒಲೆ ಧಗಧಗ ಉರಿಯಿತು. ತೊಂಬತ್ತಾದ ಕೂಡಲೇ ಅಣ್ಣ ದಪ್ಪ ಬಟ್ಟೆಯಲ್ಲಿ ಹಿಡಿದು ಜೋಪಾನವಾಗಿ ಸುರಿದ, ಇವಳು ಕೋಲಿನಿಂದ ಕಲಕಿದಳು. ಕೆಂಪು ಗೆರೆ ಐವತ್ತೆಂಟಕ್ಕೆ ಬಂದು ನಿಂತಿತು. ಸುರಿಯುವಾಗ ಸ್ವಲ್ಪ ಆರಿತ್ತೇನೋ. ಅಣ್ಣ ಇನ್ನಷ್ಟು ನೀರು ಕುದಿಸಿ ಸ್ವಲ್ಪ ಬೆರೆಸಿದ. ಗೆರೆ ಅರವತ್ತು ಮುಟ್ಟಿತು, ಚಿನಕುರುಳಿ ಕುಣಿದಾಡಿಬಿಟ್ಟಳು.

ಅಷ್ಟರಲ್ಲಿ ಅಮ್ಮ ಬಂದಳು. ಥರ್ಮಾಮೀಟರ್ ನೋಡಿದಳು, ಮಗಳ ಬೆವರಿದ ಮುಖ ನೋಡಿದಳು, ಬಣ್ಣದ ಪುಡಿಯ ಡಬ್ಬಿ ಕೈಗೆತ್ತಿಕೊಂಡಳು.

"ತಗೊಂಡ್ ಬಾ ನಿನ್ನ ಅಂಗಿಗಳನ್ನ."

ಒಂದೊಂದೇ ಅಂಗಿ ಮುಳುಗಿ, ನೀಲಿಯಾಗಿ ಎದ್ದಿತು. ಯಾರೂ ನೋಡದಾಗ ಚಿನಕುರುಳಿ ಒಂದು ಚೊಂಬು ನೀರು ಮೊಗೆದು ಅದರಲ್ಲಿ ಥರ್ಮಾಮೀಟರ್ ಅದ್ದಿದಳು. ಅಷ್ಟು ದೊಡ್ಡ ತೊಟ್ಟಿಯಲ್ಲಿ ಎಷ್ಟಿತ್ತೋ, ಈ ಪುಟ್ಟ ಚೊಂಬಿನಲ್ಲೂ ಅಷ್ಟೇ ಇತ್ತು. ಅವಳು ತನ್ನಷ್ಟಕ್ಕೆ ನಕ್ಕು, ಆ ನೀರನ್ನು ಮತ್ತೆ ತೊಟ್ಟಿಗೇ ಸುರಿದಳು.